ಆಪತ್ತಿನ ಅಭ್ಯಾಸ ಮತ್ತು ಹೊಣೆಗಾರಿಕೆ

ಆಪತ್ತು ಹೇಳಿ ಕೇಳಿ ಬರುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಆದುದರಿಂದಲೇ ಅದು ಬರುವ ಮೊದಲು ಅದನ್ನು ಎದುರಿಸುವ ಬಗೆಯನ್ನು ಕಲಿತಿರಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವನನ್ನು ಯಾರೂ ಬುದ್ಧಿವಂತನೆನ್ನುವುದಿಲ್ಲ. ಆದರೆ ಮುಂಜಾಗ್ರತೆಯಿಂದ ಬಾವಿ ತೋಡಿಸುವಾಗಲೇ ಮಣ್ಣು ಕುಸಿದು ಆಳು ಸತ್ತರೆ ಏನೆನ್ನಬೇಕು? ಆಪತ್ತಿನಿಂದ ಪಾರಾಗುವುದನ್ನು ಕಲಿಸುವ ಅಭ್ಯಾಸವೇ ಪ್ರಾಣವನ್ನು ತೆಗೆದುಕೊಂಡಾಗ ಅದರ ಹೊಣೆ ಯಾರದು? ಉದ್ದೇಶವು ಒಳ್ಳೆಯದಾಗಿತ್ತೆಂಬ ಒಂದೇ ಕಾರಣದಿಂದ ಮನುಷ್ಯನು ಆ ಹಾನಿಯಿಂದ ಬಿಡುಗಡೆ ಹೊಂದುವನೇ? ಈ ಪ್ರಶ್ನೆಯು ಅತ್ಯಂತ ಸ್ಪಷ್ಟವಾಗಿ ಎದ್ದು ಕಾಣುವ ಕ್ಷೇತ್ರವೊಂದಿದೆ. ಅದು ಹೆಲಿಕಾಪ್ಟರ್ ಚಾಲಕರ ತರಬೇತಿ.

ವಿಷಯವನ್ನು ವಿಚಾರಿಸುವ ಮೊದಲು ಯಂತ್ರದ ಗುಣವನ್ನು ತುಸು ತಿಳಿಯುವುದು ಅವಶ್ಯ. ಎಂಜಿನ್ ನಿಂತೊಡನೆ ಹೆಲಿಕಾಪ್ಟರ್ ಕಲ್ಲಿನಂತೆ ನೆಲಕ್ಕೆ ಬೀಳುವುದೆಂದು ಬಹುಜನರ ಭಾವನೆ. ವಾಸ್ತವವಾಗಿ ಹಾಗಿಲ್ಲ. ಚಾಲಕನು ಎಡಗೈಯಲ್ಲಿ ಹಿಡಿದಿರುವ ಕಲೆಕ್ಟಿವ್ ಎಂಬ ಸನ್ನೆಯನ್ನು ತಕ್ಷಣ ಕೆಳಗಿಳಿಸಿದರೆ, ಮೇಲಿನ ರೋಟರಿನ ಅಲಗುಗಳ ಓರೆ ಕಡಿಮೆಯಾಗಿ, ಇಳಿಯುತ್ತಿರುವ ಯಂತ್ರದ ಕೆಳಗಿನಿಂದ ನುಗ್ಗುವ ಗಾಳಿಯೇ ಅವುಗಳನ್ನು ತಿರುಗಿಸುತ್ತದೆ. ರೆಕ್ಕೆಯುಳ್ಳ ಬೀಜವೊಂದು ಮರದಿಂದ ಗಿರಕಿ ಹೊಡೆಯುತ್ತ ಇಳಿಯುವಂತೆ ಹೆಲಿಕಾಪ್ಟರೂ ಇಳಿಯುತ್ತದೆ. ನೆಲ ಸಮೀಪಿಸಿದಾಗ ಮೂತಿಯನ್ನು ಮೇಲೆತ್ತಿ ವೇಗವನ್ನು ಕುಗ್ಗಿಸಿ, ಕೊನೆಯಲ್ಲಿ ಸನ್ನೆಯನ್ನು ಮೇಲೆತ್ತಿದರೆ ರೋಟರಿನಲ್ಲಿ ಉಳಿದಿರುವ ತಿರುಗುಬಲವು ಯಂತ್ರವನ್ನು ಮೃದುವಾಗಿ ಇಳಿಸುತ್ತದೆ. ಇದಕ್ಕೆ ಆಟೊರೊಟೇಷನ್ ಎಂದು ಹೆಸರು. ಸ್ಪೇನ್ ದೇಶದ ಎಂಜಿನಿಯರ್ ಹುವಾನ್ ದೆ ಲಾ ಸಿಯೆರ್ವಾ ಎಂಬಾತನು 1923ರಲ್ಲಿ ಹಾರಿಸಿದ ಆಟೊಜೈರೊ ಎಂಬ ವಾಹನವು ಇದೇ ತತ್ತ್ವದ ಮೇಲೆ ನಿಂತಿತ್ತು. ವೇಗ ಕಳೆದುಕೊಂಡರೂ ಆಕಾಶದಿಂದ ಬೀಳದ ವಾಹನವೊಂದನ್ನು ನಿರ್ಮಿಸಬೇಕೆಂಬುದೇ ಆತನ ಹಂಬಲವಾಗಿತ್ತು.

ಹೀಗೆ ಪ್ರಕೃತಿಯು ಒಂದು ರಕ್ಷೆಯನ್ನು ಇಟ್ಟಿದೆ. ಆದರೆ ಅದನ್ನು ಪಡೆಯಲು ಇರುವ ಕಾಲಾವಕಾಶ ಬಹಳ ಕಡಿಮೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಬಿನ್ಸನ್ ಸಂಸ್ಥೆಯು ತಯಾರಿಸಿದ, 1979ರಲ್ಲಿ ಸರ್ಕಾರಿ ಮಾನ್ಯತೆ ಪಡೆದ ಆರ್-22 ಎಂಬ ಎರಡು ಆಸನಗಳ ಹೆಲಿಕಾಪ್ಟರು ಪ್ರಪಂಚದ ಅಸಂಖ್ಯ ತರಬೇತಿ ಶಾಲೆಗಳಲ್ಲಿ ಬಳಕೆಗೆ ಬಂತು. ಬೆಲೆ ಕಡಿಮೆ, ತೂಕವೂ ಕಡಿಮೆ. ಇಬ್ಬರೂ ಕುಳಿತು, ಇಂಧನ ತುಂಬಿದರೂ ಒಟ್ಟು ತೂಕ ಸುಮಾರು 620 ಕಿಲೋಗ್ರಾಂ ಮೀರುವಂತಿಲ್ಲ. ರೋಟರು ಹಗುರವಾದುದರಿಂದ ಶಕ್ತಿ ನಿಂತೊಡನೆ ಅದರ ವೇಗವೂ ಬೇಗ ಕುಸಿಯುತ್ತದೆ. ಸನ್ನೆಯನ್ನು ಇಳಿಸಲು ಚಾಲಕನಿಗೆ ಸಿಗುವುದು ಒಂದು ಕ್ಷಣ, ಹೆಚ್ಚೆಂದರೆ ಎರಡು. ರೋಟರು ಒಂದು ಮಿತಿಗಿಂತ ಕೆಳಗೆ ಕುಸಿದರೆ ಮತ್ತೆ ಅದನ್ನು ಎಬ್ಬಿಸುವ ಉಪಾಯವೇ ಇಲ್ಲ. ಯೋಚಿಸಿ ಮಾಡುವಷ್ಟು ಸಮಯವಿಲ್ಲದ ಕೆಲಸ ಕೈಗೆ ಅಭ್ಯಾಸವಾಗಿರಬೇಕು. ಆದುದರಿಂದ ಬೋಧಕನು ಆಕಾಶದಲ್ಲಿ ಬೇಕೆಂದೇ ಎಂಜಿನಿನ ಶಕ್ತಿಯನ್ನು ತಗ್ಗಿಸಿ, ಎಂಜಿನ್ ಕೆಟ್ಟಿದೆಯೆಂದು ಭಾವಿಸುವಂತೆ ಹೇಳಿ, ಶಿಷ್ಯನಿಂದ ಈ ಇಳಿಯುವಿಕೆಯನ್ನು ಮತ್ತೆ ಮತ್ತೆ ಮಾಡಿಸುತ್ತಾನೆ.

ಇಲ್ಲಿಯೇ ತೊಡಕು ಆರಂಭವಾಗುವುದು. ಆಪತ್ತು ಕೃತಕವಾದರೂ ಕೆಳಗಿರುವ ನೆಲ ಕೃತಕವಲ್ಲ. ಶಿಷ್ಯನು ಗಾಬರಿಯಿಂದ ಸನ್ನೆಯನ್ನು ಇಳಿಸುವ ಬದಲು ಎತ್ತಬಹುದು, ತಪ್ಪು ಪೆಡಲನ್ನು ಒತ್ತಬಹುದು, ಅಥವಾ ಏನನ್ನೂ ಮಾಡದೆ ಸ್ತಂಭಿತನಾಗಿ ಕುಳಿತುಬಿಡಬಹುದು. ಕೆಲವು ಸಲ ಕೃತಕವಾಗಿ ತಗ್ಗಿಸಿದ ಎಂಜಿನು ನಿಜವಾಗಿಯೇ ನಿಂತುಹೋದದ್ದೂ ಉಂಟು. ಕೊನೆಗೆ ತಯಾರಕ ಸಂಸ್ಥೆಯೇ 2003ರಲ್ಲಿ ಒಂದು ಸುರಕ್ಷತಾ ಸೂಚನೆಯನ್ನು ಹೊರಡಿಸಿ, ಅತಿ ವಿರಳವಾಗಿ ಸಂಭವಿಸುವ ಎಂಜಿನ್ ವೈಫಲ್ಯಕ್ಕೆ ಸಿದ್ಧರಾಗುವ ಅಭ್ಯಾಸದಲ್ಲೇ ಪ್ರತಿವರ್ಷ ಅನೇಕ ಹೆಲಿಕಾಪ್ಟರುಗಳು ನಾಶವಾಗುತ್ತಿವೆಯೆಂದು ಒಪ್ಪಿಕೊಂಡಿತು. ತನ್ನ ಸರಕಿನ ವಿಷಯದಲ್ಲಿ ಮಾರುವವನೇ ಹೀಗೆ ಹೇಳಬೇಕಾದರೆ ಪರಿಸ್ಥಿತಿ ಗಂಭೀರವಾಗಿದ್ದಿರಬೇಕು.

ಈ ಸಂಗತಿಯನ್ನು ಕೇಳಿದೊಡನೆ ಲೆಕ್ಕ ಬಲ್ಲವನ ಮನಸ್ಸಿನಲ್ಲಿ ಮೂಡುವ ಮೊದಲ ವಿಚಾರವೆಂದರೆ, ಇದು ನಷ್ಟದ ವ್ಯಾಪಾರವಲ್ಲವೇ ಎಂಬುದು. ಸರಕಿನ ರಕ್ಷಣೆಗೆ ಕಟ್ಟುವ ವಿಮೆಯ ಕಂತು ಸರಕಿನ ಬೆಲೆಯನ್ನೇ ಮೀರಿದರೆ ಯಾವ ವರ್ತಕನೂ ವಿಮೆ ಮಾಡಿಸುವುದಿಲ್ಲ. ಹಾಗಾದರೆ ಅಭ್ಯಾಸವನ್ನೇ ಕೈಬಿಡಬಾರದೇಕೆ?

ಈ ಲೆಕ್ಕವು ಮೇಲ್ನೋಟಕ್ಕೆ ಸರಿಯೆನಿಸಿದರೂ ಅಪೂರ್ಣವಾದುದು. ಖರ್ಚಿನ ಬಾಬಿನಲ್ಲಿ ಪ್ರತಿಯೊಂದು ಅಪಘಾತವೂ ದಾಖಲಾಗುತ್ತದೆ. ಜಮೆಯ ಬಾಬಿನಲ್ಲಿ ಬರೆಯುವವರಿಲ್ಲ. ಎಂಜಿನ್ ನಿಜವಾಗಿ ನಿಂತಾಗ ಕೈಯ ಅಭ್ಯಾಸದಿಂದ ಹೊಲವೊಂದರಲ್ಲಿ ಸುರಕ್ಷಿತವಾಗಿ ಇಳಿದು ಮನೆಗೆ ಹೋದ ಚಾಲಕನನ್ನೂ ಅವನ ಪ್ರಯಾಣಿಕರನ್ನೂ ಯಾವ ಪಟ್ಟಿಯೂ ಸರಿಯಾಗಿ ಲೆಕ್ಕ ಹಿಡಿಯುವುದಿಲ್ಲ. ಅಷ್ಟೇ ಅಲ್ಲ, ಎರಡು ನಷ್ಟಗಳ ಸ್ವರೂಪವೂ ಒಂದೇ ಅಲ್ಲ. ಅಭ್ಯಾಸದ ವೇಳೆ ಪಕ್ಕದಲ್ಲಿ ಬೋಧಕನಿರುತ್ತಾನೆ, ಇಳಿಯಲು ಬಯಲನ್ನು ಮೊದಲೇ ಆರಿಸಿರುತ್ತಾರೆ. ಆದುದರಿಂದ ಅನೇಕ ಸಲ ಯಂತ್ರವು ಹಾಳಾದರೂ ಜನರು ಬದುಕುತ್ತಾರೆ. ಅಭ್ಯಾಸವಿಲ್ಲದವನ ಎಂಜಿನ್ ನಿಜವಾಗಿ ನಿಂತರೆ ಬದುಕುವ ಆಸೆ ತೀರ ಅಲ್ಪ. ಇನ್ನೊಂದು ಮುಖ್ಯ ವಿಚಾರವೂ ಇದೆ. ಅಭ್ಯಾಸವನ್ನು ಕೈಬಿಟ್ಟರೆ ಅಪಾಯವು ಇಲ್ಲವಾಗುವುದಿಲ್ಲ. ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಸರಿಯುತ್ತದೆ. ವಿದ್ಯೆಯನ್ನು ಬಯಸಿ ಬಂದ ಶಿಷ್ಯನ ಹೆಗಲಿನಿಂದ, ಏನನ್ನೂ ಅರಿಯದೆ ಮುಂದೊಮ್ಮೆ ಆತನನ್ನು ನಂಬಿ ಹಿಂದೆ ಕುಳಿತುಕೊಳ್ಳುವ ರೋಗಿಯ ಅಥವಾ ಯಾತ್ರಿಕನ ಹೆಗಲಿಗೆ. ಇದನ್ನು ಸುರಕ್ಷತೆಯೆಂದು ಕರೆಯುವುದು ನ್ಯಾಯವಲ್ಲ.

ಆದುದರಿಂದ ಅಭ್ಯಾಸವು ಇರತಕ್ಕದ್ದೇ. ಪ್ರಶ್ನೆಯು ಅದು ಹೇಗಿರಬೇಕೆಂಬುದು.

ಮೊದಲನೆಯದಾಗಿ, ಬೋಧಕನು ಶಿಷ್ಯನನ್ನು ಬೆಚ್ಚಿಬೀಳಿಸಬಹುದೇ? ನಿಜವಾದ ಆಪತ್ತು ಮುನ್ಸೂಚನೆಯಿಲ್ಲದೆ ಬರುವುದರಿಂದ ಪರೀಕ್ಷೆಯೂ ಹಾಗೆಯೇ ಇರಬೇಕೆಂದು ವಾದಿಸುವ ಬೋಧಕರುಂಟು. ಅವರು ಮಾತುಕತೆಯ ನಡುವೆ ಫಕ್ಕನೆ ಥ್ರಾಟಲನ್ನು ಮುಚ್ಚಿಬಿಡುತ್ತಿದ್ದರು. ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ರಾಬಿನ್ಸನ್ ಸಂಸ್ಥೆಯು 1987ರಷ್ಟು ಹಿಂದೆಯೇ ಇಂತಹ ಹಠಾತ್ ಪರೀಕ್ಷೆಗಳು ಪ್ರಾಣಾಂತಿಕವೆಂದು ಎಚ್ಚರಿಸಿತ್ತು. ಆ ಎಚ್ಚರಿಕೆಯ ತಾತ್ಪರ್ಯವು ಪ್ರತಿಯೊಬ್ಬ ಗುರುವೂ ಮನನ ಮಾಡತಕ್ಕದ್ದಾಗಿದೆ. ಶಿಷ್ಯನ ಜತೆ ಸಾಕಷ್ಟು ಕಾಲ ಹಾರಾಡಿ ಪರಸ್ಪರ ತಿಳಿವಳಿಕೆ ಬೆಳೆದ ಮೇಲೆಯೇ ಈ ಅಭ್ಯಾಸಕ್ಕೆ ತೊಡಗಬೇಕು. ಕೆಲವು ನಿಮಿಷ ಮೊದಲೇ ತಿಳಿಸಬೇಕು. ಶಕ್ತಿಯನ್ನು ತಗ್ಗಿಸುವಾಗ ಗಟ್ಟಿಯಾಗಿ ಹೇಳಬೇಕು. ಥ್ರಾಟಲನ್ನು ಮೆಲ್ಲನೆ ತಿರುಗಿಸಬೇಕು. ಎಂಜಿನ್ ನಿಜವಾಗಿಯೇ ನಿಂತರೂ ಇಳಿಯಬಹುದಾದ ಬಯಲು ಕೈಗೆಟುಕುವಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಶಿಷ್ಯನು ಏನು ಮಾಡುವನೋ ನೋಡೋಣವೆಂದು ಬೋಧಕನು ಕಾಯಲೇಬಾರದು. ಒಂದು ಕ್ಷಣದೊಳಗೆ ತಾನೇ ಸರಿಪಡಿಸಲು ಸಿದ್ಧನಾಗಿರಬೇಕು.

ಶಿಷ್ಯನು ಕಲಿತಿದ್ದಾನೆಯೇ ಎಂದು ತಿಳಿಯಲು ಅವನನ್ನು ತಪ್ಪು ಮಾಡಲು ಬಿಡಬೇಕು. ಆದರೆ ತಪ್ಪಿನ ಬೆಲೆ ಪ್ರಾಣವಾಗುವ ಮೊದಲು ತಡೆಯಬೇಕು. ಈ ಎರಡರ ನಡುವಿನ ಅಂತರ ಇಲ್ಲಿ ಒಂದು ಕ್ಷಣ ಮಾತ್ರ. 2003ರ ಸೂಚನೆಯು ಈ ಗೆರೆಯನ್ನು ಇನ್ನಷ್ಟು ಸ್ಪಷ್ಟವಾಗಿ ಎಳೆಯಿತು. ನೆಲದಿಂದ ನೂರು ಅಡಿ ಎತ್ತರಕ್ಕೆ ಬರುವ ಮೊದಲು ನಾಲ್ಕು ಸಂಗತಿಗಳು ಸರಿಯಾಗಿರಬೇಕು: ರೋಟರಿನ ವೇಗ, ಮುನ್ನಡೆಯ ವೇಗ, ಇಳಿಯುವ ವೇಗ, ಮತ್ತು ತಿರುವುಗಳು ಮುಗಿದಿರುವುದು. ಇವುಗಳಲ್ಲಿ ಒಂದು ತಪ್ಪಿದ್ದರೂ ಬೋಧಕನು ಎಂಜಿನಿನ ಶಕ್ತಿಯನ್ನು ತಕ್ಷಣ ಮರಳಿ ಕೊಟ್ಟು ಅಭ್ಯಾಸವನ್ನು ನಿಲ್ಲಿಸಬೇಕು. ‘ಇನ್ನು ಸ್ವಲ್ಪ ನೋಡೋಣ, ಸರಿಹೋದೀತು’ ಎಂಬ ಮೃದುತ್ವಕ್ಕೆ ಅಲ್ಲಿ ಎಡೆಯಿಲ್ಲ. ಮನಸ್ಸು ಆಸೆಯಿಂದ ಕುರುಡಾಗುವ ಮೊದಲೇ, ಶಾಂತವಾಗಿರುವಾಗ, ತನಗೆ ತಾನೇ ಮಿತಿಯನ್ನು ಹಾಕಿಕೊಳ್ಳುವುದು ಇದರ ಸಾರ. ವ್ರತವೆಂಬುದರ ಅರ್ಥವೂ ಇದೇ ಅಲ್ಲವೇ?

ಎರಡನೆಯದಾಗಿ, ಎಲ್ಲ ಆಪತ್ತನ್ನೂ ಅಭ್ಯಾಸ ಮಾಡಿಯೇ ಕಲಿಯಬೇಕೇ? ಇಲ್ಲವೆನ್ನಲು ಇದೇ ಯಂತ್ರವೇ ಸಾಕ್ಷಿ. ಎರಡು ಅಲಗುಗಳ ರೋಟರುಳ್ಳ ಹೆಲಿಕಾಪ್ಟರಿನಲ್ಲಿ ಚಾಲಕನು ಮುಂದಿನ ಸನ್ನೆಯನ್ನು ಥಟ್ಟನೆ ಮುಂದಕ್ಕೆ ನೂಕಿದರೆ, ಯಂತ್ರದ ಭಾರವು ಕ್ಷಣಕಾಲ ರೋಟರಿನ ಮೇಲಿಂದ ಇಳಿದಂತಾಗಿ ಯಂತ್ರವು ಬಲಕ್ಕೆ ವಾಲುತ್ತದೆ. ಅದನ್ನು ಎಡಕ್ಕೆ ಎಳೆದು ಸರಿಪಡಿಸಲು ಹೋಗುವುದು ಮನುಷ್ಯನ ಸಹಜ ಪ್ರವೃತ್ತಿ. ಆದರೆ ಆಗ ರೋಟರಿನ ನಡುಭಾಗವು ಅದನ್ನು ಹೊತ್ತ ಕಂಬಕ್ಕೆ ಬಡಿದು ಕಂಬವೇ ಮುರಿಯಬಹುದು. ಪರಿಹಾರವು ಸನ್ನೆಯನ್ನು ಮೊದಲು ಮೃದುವಾಗಿ ಹಿಂದಕ್ಕೆ ತರುವುದು. ಇದನ್ನು ಆಕಾಶದಲ್ಲಿ ತೋರಿಸಿ ಕಲಿಸಲು ಹೋದರೆ ಕಲಿಸುವವನೂ ಕಲಿಯುವವನೂ ಉಳಿಯದಿರಬಹುದು. ಅಮೆರಿಕದ ವಿಮಾನಯಾನ ಆಡಳಿತವು 1995ರಲ್ಲಿ ಆರ್-22 ಮತ್ತು ಆರ್-44 ಹೆಲಿಕಾಪ್ಟರುಗಳ ಚಾಲಕರಿಗೆ ವಿಶೇಷ ಶಿಕ್ಷಣವನ್ನು ಕಡ್ಡಾಯಗೊಳಿಸಿತು. ಅದೇ ವರ್ಷ ಇಂತಹ ಸ್ಥಿತಿಯನ್ನು ಬೇಕೆಂದೇ ಉಂಟುಮಾಡುವುದನ್ನು ನಿಷೇಧಿಸಿತು. ಇಂದು ಈ ಪಾಠವನ್ನು ನೆಲದ ಮೇಲೆ ಕುಳಿತು ಮಾತಿನಿಂದ ಹೇಳಿಕೊಡುತ್ತಾರೆ. ವಿಷವು ಕೊಲ್ಲುವುದೆಂದು ತಿಳಿಯಲು ವಿಷವನ್ನು ಕುಡಿಯಬೇಕಾಗಿಲ್ಲ. ಅನುಭವವೇ ಗುರುವೆಂಬ ಮಾತಿಗೂ ಒಂದು ಎಲ್ಲೆಯಿದೆ. ಕೆಲವು ಜ್ಞಾನವನ್ನು ಶ್ರವಣದಿಂದಲೂ ಶ್ರದ್ಧೆಯಿಂದಲೂ ಪಡೆಯುವುದೇ ವಿವೇಕ.

ಮೂರನೆಯದಾಗಿ, ಅಭ್ಯಾಸದ ಅಪಾಯಕ್ಕೆ ಒಪ್ಪಿಗೆ ಕೊಟ್ಟವರು ಯಾರು? ಶಿಷ್ಯನು ಒಪ್ಪಿದ್ದಾನೆ, ಬೋಧಕನು ಒಪ್ಪಿದ್ದಾನೆ. ಕೆಳಗಿನವರು? 1967ರ ಮಾರ್ಚ್ 30ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸಮೀಪ ನಡೆದ ದುರಂತವು ಹೆಲಿಕಾಪ್ಟರಿನದಲ್ಲ, ನಾಲ್ಕು ಎಂಜಿನುಗಳ ಡಿಸಿ-8 ಜೆಟ್ ವಿಮಾನದ್ದು. ತರಬೇತಿಗಾಗಿ ಒಂದೇ ಬದಿಯ ಎರಡು ಎಂಜಿನುಗಳು ಕೆಟ್ಟಿವೆಯೆಂದು ಭಾವಿಸಿ ಇಳಿಯುವ ಅಭ್ಯಾಸ ನಡೆಯುತ್ತಿತ್ತು. ವಿಮಾನವು ಹಿಡಿತ ತಪ್ಪಿ ವಸತಿ ಪ್ರದೇಶದ ಮೇಲೂ ಒಂದು ಹೋಟೆಲಿನ ಮೇಲೂ ಬಿತ್ತು. ಒಳಗಿದ್ದ 6 ಮಂದಿಯೂ ನೆಲದ ಮೇಲಿದ್ದ 13 ಮಂದಿಯೂ ಸತ್ತರು. ಆ ಹದಿಮೂರರಲ್ಲಿ ಒಂಬತ್ತು ಮಂದಿ ವಿಸ್ಕಾನ್ಸಿನ್ ರಾಜ್ಯದಿಂದ ಪ್ರವಾಸಕ್ಕೆ ಬಂದು ಹೋಟೆಲಿನಲ್ಲಿ ಮಲಗಿದ್ದ ಶಾಲಾ ಬಾಲಕಿಯರು. ಆ ಬಾಲಕಿಯರನ್ನು ಯಾರು ಕೇಳಿದ್ದರು? ತನಿಖೆಯು ಬೋಧಕನ ಮೇಲ್ವಿಚಾರಣೆಯಲ್ಲಿನ ಲೋಪವನ್ನು ಎತ್ತಿ ಹೇಳಿತು. ಇಂತಹ ಅಪಘಾತಗಳ ತರುವಾಯ ದೊಡ್ಡ ವಿಮಾನ ಸಂಸ್ಥೆಗಳು ಕೃತಕ ಆಪತ್ತಿನ ಅಭ್ಯಾಸವನ್ನು ಕ್ರಮೇಣ ಆಕಾಶದಿಂದ ಇಳಿಸಿ, ನೆಲದ ಮೇಲಿನ ಸಿಮ್ಯುಲೇಟರ್ ಯಂತ್ರಗಳಿಗೆ ಒಪ್ಪಿಸಿದವು. ಅಲ್ಲಿ ಸಾವಿರ ಸಲ ಬಿದ್ದರೂ ಪೆಟ್ಟಾಗುವುದಿಲ್ಲ.

ಹೆಲಿಕಾಪ್ಟರ್ ಕ್ಷೇತ್ರದಲ್ಲಿ ಈ ಬದಲಾವಣೆ ನಿಧಾನವಾಯಿತು. ಒಂದು ಕಾರಣ ಹಣ. ಸಣ್ಣ ಶಾಲೆಗೆ ಒಳ್ಳೆಯ ಸಿಮ್ಯುಲೇಟರಿನ ಬೆಲೆ ಹೆಲಿಕಾಪ್ಟರಿನ ಬೆಲೆಗಿಂತಲೂ ಭಾರವಾಗಬಹುದು. ಇನ್ನೊಂದು ಕಾರಣ, ನೆಲ ಮುಟ್ಟುವ ಕೊನೆಯ ಕ್ಷಣದ ಅನುಭವವನ್ನು ಯಂತ್ರವು ಯಥಾವತ್ತಾಗಿ ಕೊಡುವುದು ಕಷ್ಟ. ಆದುದರಿಂದ ಬಹುಪಾಲು ಶಾಲೆಗಳು ಮಧ್ಯಮ ಮಾರ್ಗವನ್ನು ಹಿಡಿದಿವೆ: ಇಳಿಯುವಿಕೆಯನ್ನು ಆಕಾಶದಲ್ಲೇ ಅಭ್ಯಾಸ ಮಾಡಿಸಿ, ನೆಲ ಮುಟ್ಟುವ ಮೊದಲೇ ಎಂಜಿನಿನ ಶಕ್ತಿಯನ್ನು ಮರಳಿ ತಂದು ಗಾಳಿಯಲ್ಲಿ ನಿಲ್ಲಿಸುವುದು. ಕೊನೆಯ ಹತ್ತು ಅಡಿಯ ಪಾಠವು ಅಪೂರ್ಣವಾಗಿ ಉಳಿಯುತ್ತದೆ ನಿಜ. ಆದರೆ ಅಪೂರ್ಣ ವಿದ್ಯೆಯುಳ್ಳ ಜೀವಂತ ಶಿಷ್ಯನಿಗೆ ಮತ್ತೆ ಕಲಿಸಬಹುದು.

ಅನುಭವಿಗಳಿಗೆ ಈ ಅಪಾಯವಿಲ್ಲವೆಂದು ಯಾರೂ ಭಾವಿಸಬಾರದು. 2016ರ ಜುಲೈ 6ರಂದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಬೆಲ್ ಸಂಸ್ಥೆಯ 525 ಎಂಬ ಹೊಸ ಮಾದರಿಯ ಹೆಲಿಕಾಪ್ಟರನ್ನು ಪರೀಕ್ಷಿಸುತ್ತಿದ್ದ ಇಬ್ಬರು ನುರಿತ ಪೈಲಟ್‌ಗಳು ಮಡಿದರು. ಎರಡು ಎಂಜಿನುಗಳಲ್ಲಿ ಒಂದು ಕೆಟ್ಟಂತೆ ಕೃತಕವಾಗಿ ಶಕ್ತಿಯನ್ನು ತಗ್ಗಿಸಿ, ಗಂಟೆಗೆ ಸುಮಾರು 340 ಕಿಲೋಮೀಟರ್ ವೇಗದಲ್ಲಿ ನಡೆಸಿದ ಪರೀಕ್ಷೆ ಅದು. ರೋಟರಿನ ವೇಗ ಕುಸಿಯಿತು, ಕಂಪನ ಹುಟ್ಟಿತು. ಆ ಕಂಪನವು ಪೈಲಟ್‌ನ ಕೈಯನ್ನು ಅಲುಗಿಸಿ, ಕೈಯು ಸನ್ನೆಯನ್ನು ಅಲುಗಿಸಿ, ಸನ್ನೆಯು ಕಂಪನವನ್ನು ಇನ್ನಷ್ಟು ಬೆಳೆಸಿತು. ಅಲಗುಗಳು ಯಂತ್ರದ ಬಾಲವನ್ನೇ ಕಡಿದವು. ನಮ್ಮ ನಾಡಿನಲ್ಲಿಯೂ 2009ರ ಮಾರ್ಚ್ 6ರಂದು ಬಿಡದಿಯ ಸಮೀಪ ಸಾರಸ್ ಎಂಬ ಪ್ರಾಯೋಗಿಕ ವಿಮಾನವು, ಹಾರಾಟದ ಮಧ್ಯೆ ಒಂದು ಎಂಜಿನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಚಾಲೂ ಮಾಡುವ ಪರೀಕ್ಷೆಯಲ್ಲಿ ಬಿದ್ದು, ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ತೆತ್ತರು. ಎಂಜಿನನ್ನು ಮತ್ತೆ ಚಾಲೂ ಮಾಡಲು ಗೊತ್ತುಪಡಿಸಿದ ಕ್ರಮವೇ ಸರಿಯಿರಲಿಲ್ಲವೆಂದು ತನಿಖೆಯಲ್ಲಿ ಕಂಡುಬಂತು. ಅಂದರೆ ದೋಷವು ಕೆಲವೊಮ್ಮೆ ಹಾರುವವನ ಕೈಯಲ್ಲಿರದೆ, ನೆಲದ ಮೇಲೆ ಕುಳಿತು ಬರೆದವನ ಲೇಖನಿಯಲ್ಲಿರುತ್ತದೆ.

ಈಗ ಮೂಲ ಪ್ರಶ್ನೆಗೆ ಬರೋಣ. ಉದ್ದೇಶವು ಶುದ್ಧವಾಗಿದ್ದರೆ ಸಾಲದೇ? ನಮ್ಮ ಆಚಾರ್ಯರು ಈ ವಿಷಯದಲ್ಲಿ ಸೂಕ್ಷ್ಮವಾಗಿ ವಿಚಾರ ಮಾಡಿದ್ದಾರೆ. ಸಂಕಲ್ಪಪೂರ್ವಕವಾದ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ತ್ಯಜಿಸಬೇಕು. ಉದ್ಯೋಗದಲ್ಲಿ ಅನಿವಾರ್ಯವಾಗಿ ಸಂಭವಿಸುವ ಹಿಂಸೆಯನ್ನು ಆದಷ್ಟು ಕಡಿಮೆ ಮಾಡಬೇಕು. ಹಾಗಾದರೆ ತರಬೇತಿಯ ಅಪಘಾತವು ಉದ್ಯೋಗದ ಬಾಬಿಗೆ ಸೇರಿಹೋಯಿತೆಂದು ಸಮಾಧಾನ ಪಡಬಹುದೇ? ಅಷ್ಟಕ್ಕೆ ಬಿಡುಗಡೆಯಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಪ್ರಾಣಹಾನಿಯೊಂದನ್ನೇ ನೋಡದೆ ಅದರ ಹಿಂದಿರುವ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಮುಂದಿಟ್ಟಿದೆ. ಇದರಿಂದ ಎರಡು ಮಾತುಗಳು ಫಲಿಸುತ್ತವೆ. ಪೂರ್ಣ ಎಚ್ಚರದಿಂದ ನಡೆದವನ ಕೈಯಿಂದ ಆಕಸ್ಮಿಕವಾಗಿ ಹಾನಿಯಾದರೆ ಅವನನ್ನು ಕೊಂದವನೆಂದು ಜರೆಯುವುದು ಅನ್ಯಾಯ. ಹಾಗೆಯೇ ಎಚ್ಚರ ತಪ್ಪಿ ನಡೆದವನು, ಅದೃಷ್ಟವಶಾತ್ ಯಾರಿಗೂ ಪೆಟ್ಟಾಗಲಿಲ್ಲವೆಂಬ ಕಾರಣದಿಂದ ನಿರ್ದೋಷಿಯಾಗುವುದಿಲ್ಲ.

ಈ ಎರಡನೆಯ ಮಾತೇ ನಾವು ಮರೆಯುವಂತಹುದು. ಶಿಷ್ಯನನ್ನು ಬೆಚ್ಚಿಸಿ ಪರೀಕ್ಷಿಸುವ ಬೋಧಕನು ತೊಂಬತ್ತೊಂಬತ್ತು ಸಲ ಸುರಕ್ಷಿತವಾಗಿ ಇಳಿದಿರಬಹುದು. ಲೋಕವು ಅವನನ್ನು ಧೀರನೆಂದು ಹೊಗಳಿರಬಹುದು. ನೂರನೆಯ ಸಲ ಅಪಘಾತವಾದಾಗ ಎಲ್ಲರೂ ವಿಧಿಯನ್ನು ದೂಷಿಸುತ್ತಾರೆ. ವಾಸ್ತವವಾಗಿ ನೂರು ಸಲವೂ ದೋಷ ಒಂದೇ ಆಗಿತ್ತು. ಫಲ ಮಾತ್ರ ಕೊನೆಗೆ ಕಾಣಿಸಿತು. ಅಪಘಾತವಾದ ದಿನ ಮಾತ್ರ ವಿಚಾರಣೆ ನಡೆಸುವ ಸಮಾಜವು ತೊಂಬತ್ತೊಂಬತ್ತು ದಿನಗಳ ಪ್ರಮಾದವನ್ನು ಮನ್ನಿಸಿದಂತಾಗುತ್ತದೆ.

ಇದು ಆಕಾಶದಲ್ಲಿ ಹಾರುವವರ ವಿಷಯ, ನಮಗೇನೆಂದು ವಾಚಕರು ಕೇಳಬಹುದು. 2018ರ ಜುಲೈ ತಿಂಗಳಲ್ಲಿ ಕೊಯಮತ್ತೂರಿನ ಸಮೀಪದ ಒಂದು ಕಾಲೇಜಿನಲ್ಲಿ ಆಪತ್ತಿನಿಂದ ಪಾರಾಗುವ ಅಣಕು ತರಬೇತಿ ನಡೆಯಿತು. ಕೆಳಗೆ ವಿದ್ಯಾರ್ಥಿಗಳು ಬಲೆಯನ್ನು ಹಿಡಿದು ನಿಂತಿದ್ದರು. ಎರಡನೆಯ ಮಹಡಿಯಿಂದ ಜಿಗಿಯಲು ಹಿಂಜರಿದ ವಿದ್ಯಾರ್ಥಿನಿಯೊಬ್ಬಳನ್ನು ತರಬೇತಿ ಕೊಡುವವನು ನೂಕಿಬಿಟ್ಟನು. ಅವಳ ತಲೆಯು ಕೆಳಗಿನ ಕಿಟಕಿಯ ಮೇಲಿನ ಚಾಚಿಗೆ ಬಡಿಯಿತು; ಹತ್ತೊಂಬತ್ತು ವರ್ಷದ ಆ ಹುಡುಗಿ ಬದುಕಲಿಲ್ಲ. ಅಲ್ಲಿ ಬೆಂಕಿಯೂ ಇರಲಿಲ್ಲ, ಭೂಕಂಪವೂ ಇರಲಿಲ್ಲ. ಅವಳನ್ನು ಕೊಂದದ್ದು ರಕ್ಷಣೆಯ ಅಭ್ಯಾಸ. ಅವಳ ಹಿಂಜರಿಕೆಯನ್ನು ಗೌರವಿಸಿದ್ದರೆ ಏನೂ ನಷ್ಟವಾಗುತ್ತಿರಲಿಲ್ಲ.

ಇಂದು ಶಾಲೆಗಳಲ್ಲಿ, ಛತ್ರಗಳಲ್ಲಿ, ಸಾವಿರಾರು ಜನ ಸೇರುವ ಉತ್ಸವಗಳಲ್ಲಿ ಅಗ್ನಿಶಮನದ ಮತ್ತು ಜನರನ್ನು ತೆರವುಗೊಳಿಸುವ ಅಭ್ಯಾಸಗಳು ನಡೆಯಬೇಕೆಂಬುದು ನ್ಯಾಯವಾದ ಅಪೇಕ್ಷೆ. ಅವು ನಡೆಯಲೇಬೇಕು. ನಡೆಸುವ ಮೊದಲು ಹೊಣೆ ಹೊತ್ತವರು ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳುವುದು ಒಳಿತು. ಈ ಪಾಠವನ್ನು ಮಾತಿನಿಂದಲೋ ಅಪಾಯವಿಲ್ಲದ ಬೇರೆ ಉಪಾಯದಿಂದಲೋ ಕಲಿಸಲು ಸಾಧ್ಯವಿಲ್ಲವೇ? ಪಾಲ್ಗೊಳ್ಳುವವರಿಗೆ ಎಲ್ಲವೂ ತಿಳಿದಿದೆಯೇ, ಒಲ್ಲೆನೆಂದವನು ನಾಚಿಕೆಯಿಲ್ಲದೆ ಹಿಂದೆ ಸರಿಯಬಹುದೇ? ಒಪ್ಪಿಗೆ ಕೊಡದ ಮೂರನೆಯವರು ಅಪಾಯದ ದಾರಿಯಲ್ಲಿ ಇದ್ದಾರೆಯೇ? ಕಲಿಯುವವನು ತಪ್ಪಿದರೆ ಆ ಕ್ಷಣದಲ್ಲೇ ತಡೆಯಬಲ್ಲ ಕೈ ಪಕ್ಕದಲ್ಲಿ ಸಿದ್ಧವಾಗಿದೆಯೇ, ಎಲ್ಲಿ ನಿಲ್ಲಿಸಬೇಕೆಂಬ ಗೆರೆಯನ್ನು ಮೊದಲೇ ಎಳೆದಿದೆಯೇ? ನಾಲ್ಕಕ್ಕೂ ಸಮಾಧಾನಕರವಾದ ಉತ್ತರ ದೊರೆತ ಮೇಲೂ ಹಾನಿಯಾದರೆ ಅದು ದುಃಖದ ವಿಷಯ. ಒಂದನ್ನೂ ಕೇಳಿಕೊಳ್ಳದೆ ನಡೆಸಿದರೆ, ಹಾನಿಯಾಗದಿದ್ದರೂ ಅದು ದೋಷವೇ.

ಶಿಷ್ಯನು ಬೋಧಕನ ಪಕ್ಕದಲ್ಲಿ ಕುಳಿತು ಬಾಗಿಲು ಹಾಕಿಕೊಂಡಾಗ ತನ್ನ ಪ್ರಾಣವನ್ನು ಅವನ ಕೈಯಲ್ಲಿ ಇಡುಗಂಟಾಗಿ ಇಟ್ಟಿರುತ್ತಾನೆ. ಇಟ್ಟವನು ಮರಳಿ ಬಂದು ಕೇಳಿದಾಗ ಇಡುಗಂಟನ್ನು ಕುಂದಿಲ್ಲದೆ ಹಿಂದಿರುಗಿಸುವುದು ಮಧ್ಯಸ್ಥನ ಧರ್ಮ. ಅದನ್ನು ಬೆಳೆಸಲು ಹೋಗಿ ಕಳೆದೆನೆಂದು ಹೇಳುವವನ ಉದ್ದೇಶವನ್ನು ಯಾರೂ ಮೊದಲು ಕೇಳುವುದಿಲ್ಲ. ಎಷ್ಟು ಜೋಪಾನವಾಗಿ ಇಟ್ಟಿದ್ದೆ ಎಂದು ಕೇಳುತ್ತಾರೆ.